ಹಲ್ಲು ಕಟ್ಟಿಸಿಕೊಂಡ ದಿನ

ರೀ,

ಇವತ್ತು ಕೋಡಂಬಾಕ್ಕಂನ ಡಾಕ್ಟರು ನನ್ನ ಮುಂದಿನ ಎರಡು ಹಲ್ಲುಗಳ ಜಾಗಕ್ಕೆ ಬ್ರಿಡ್ಜ್ ಕೂರಿಸಿದರು. ಜೊತೆಗೆ ನಿಮ್ಮ ತಂಗಿ ಪದ್ಮಜಾ ಬಂದಿದ್ದಳು. ಹಲ್ಲು ಹೇಗೆ ಹೋಯಿತೆಂದು ಡಾಕ್ಟರು ಕೇಳಿದರೆ, "ಬಾತ್‌ರೂಮಲ್ಲಿ ಜಾರಿ ಬಿದ್ದಿದ್ರು," ಎಂದು ಅವಳೇ ಉತ್ತರ ಕೊಟ್ಟಳು. ನೀವು ನಮಗೆಲ್ಲ ಕಲಿಸಿದ ಮಾತು.

"ಇಲ್ಲ ಡಾಕ್ಟರ್, ಇವಳಣ್ಣ ಗುದ್ದಿದ್ದು," ಎಂದೆ.

ಆಟೋದಲ್ಲಿ ಪದ್ಮಜಾ ಅತ್ತಳು. "ಸತ್ತವನ ಮರ್ಯಾದೆ ಯಾಕೆ ತೆಗೀತೀರಿ ಅತ್ತಿಗೆ?"

"ಇದ್ದಾಗ ತೆಗೆಯೋಕೆ ಧೈರ್ಯ ಬರ್ಲಿಲ್ಲಮ್ಮ."

ನಮ್ಮ ಮಗಳ ಮದುವೆಯ ಒಂದು ಫೋಟೋದಲ್ಲೂ ನಾನು ನಕ್ಕಿಲ್ಲ.

ನಾಳೆ ನಿಮ್ಮ ಶ್ರಾದ್ಧ. ನಿಮ್ಮನ್ನು ದೇವರಂಥವರು ಎನ್ನುವ ನೆಂಟರೆಲ್ಲ ಬರುತ್ತಾರೆ. ಹೊಸ ಹಲ್ಲು ಚೆನ್ನಾಗಿದೆ ಎಂದು ಯಾರಾದರೂ ಅಂದೇ ಅನ್ನುತ್ತಾರೆ. ಹಳೆಯದು ಹೇಗೆ ಹೋಯಿತೆಂದು, ಪಾಯಸ ಬಡಿಸುತ್ತ, ಒಬ್ಬೊಬ್ಬರಿಗೂ ಹೇಳುತ್ತೇನೆ.