ಕೌದಿ ಒಗೆಯಲು ಹೋದವಳಿಗೆ

ಶಹಾಪುರ, ಇಚಲಕರಂಜಿ
ಮಂಗಳವಾರ

ಬಾಳವ್ವಾ,

ಫೋನ್ ಮಾಡಿದರೆ ಬೀಗರ ಮನೆಯವರೆಲ್ಲ ಕೂತು ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ನಳಕ್ಕೆ ಐದು ದಿನಕ್ಕೊಮ್ಮೆ ನೀರು ಎಂದು ನೀನು ಕೌದಿ ಒಗೆಯಲು ಮಗಳ ಊರು ಅಕಿವಾಟಕ್ಕೆ ಹೋದೆ. ಗಂಟು ಕಟ್ಟಿ ಬಸ್ಸಿಗೆ ಏರಿಸಿದ ಕತ್ತೆಯೂ ನಾನೇ. ಎರಡು ದಿನ ಅಂದಿದ್ದಿ, ಹದಿನೇಳಾಯಿತು. ಇನ್ನೂ ಒಣಗದಿರಲು ಅವೇನು ಕೌದಿಯೋ, ಕೆರೆಯೋ?

ಮಗಳು ಮನೀಷಾ ವಿಡಿಯೋ ಕಳಿಸಿದ್ದಳು. ಬೀಗ ಸಿದ್ಧಲಿಂಗ ಬೋರಿನ ಪೈಪು ಹಿಡಿದು, "ಇನ್ನ ನಾಕ ದಿನಾ ಇರ್ರಿ ಬೀಗತಿಯವರ, ನಮ್ಮಲ್ಲಿ ನೀರಿಗೇನ ಕಡಿಮಿ?" ಅನ್ನುತ್ತಾನೆ. ನೀನು ತೊಯ್ದು ತೊಪ್ಪೆಯಾಗಿ ನಗುತ್ತಿದ್ದಿ. ಇಷ್ಟು ವರ್ಷದಲ್ಲಿ ನನ್ನೆದುರು ಎಂದಾದರೂ ಹಾಗೆ ನಕ್ಕಿದ್ದೀಯೇನು? ಅವನ ಪೈಪು ಒಡೆದುಹೋಗಲಿ.

ನಿನ್ನೆ ನೀರು ಬಂತು. ನಾನೇ ಹೆಂಗಸರ ಸಾಲಿನಲ್ಲಿ ನಿಂತು ನಿನ್ನ ಬ್ಯಾರಲ್ ತುಂಬಿಸಿದೆ. ಅದರಲ್ಲಿ ಒಂದು ತಂಬಿಗೆಯನ್ನೂ ಮುಟ್ಟಿಲ್ಲ. ಪಕ್ಕದ ಮನೆಯ ಶಾಲನ್, "ಕಾಕಾ, ಕಾಕು ಯಾವಾಗ ಬರತಾರ್ರಿ?" ಎಂದು ಕೇಳಿದಳು. "ಐತವಾರ ಬರತಾಳ" ಎಂದುಬಿಟ್ಟೆ.

ಸಾಲಿನಲ್ಲಿದ್ದವರೆಲ್ಲ ಅದನ್ನು ಕೇಳಿಸಿಕೊಂಡಿದ್ದಾರೆ. ಐತವಾರದ ಬಸ್ಸು ತಪ್ಪಿಸಬೇಡ.

ಹೊದೆಯಲು ಕೌದಿಯಿಲ್ಲದ,
ಅಲ್ಲಪ್ಪ