‘ಗುಂಡಿ ಒತ್ತು’ ಖಾಲಿಯಾದ ತಿಂಗಳು

ಏಪ್ರಿಲ್ 1, ಬೆಳಿಗ್ಗೆ 7
ಮೊಣಕಾಲಿಗೆ ಎಣ್ಣೆ ಆಯಿತು. ಕಾಫಿ ಆಯಿತು. ‘ಗುಂಡಿ ಒತ್ತು’ ವೆಬ್‌ಸೈಟ್ ಇವತ್ತಿಗೆ ಬಂದ್. ಕನ್ನಡದಲ್ಲಿ ವಿಡಿಯೋ ಗೇಮ್ ಹೇಳಿಕೊಡುವವರು ಇನ್ನಿಲ್ಲ...

8.30
ಸುಳ್ಳು. ಅಭಿಮಾನಿಗಳ ಗ್ರೂಪಿಗೆ ಹಾಕುವ ಮುಂಚೆ ಇಲ್ಲಿ ಬರೆದು ನೋಡಿದ್ದು. ಏನೇ ಆದರೂ ಮೊದಲು ಇಲ್ಲಿ ಬರೆದು ನೋಡುವುದು ನನ್ನ ಚಟ.
ಹಾಕಿದೆ. ಬಾದನಹಟ್ಟಿಯ ಚಿನ್ನಪ್ಪ ಮೆಣಸಿನಕಾಯಿ ಕಣ ಬಿಟ್ಟು ಫೋನ್ ಮಾಡಿದ.
“ತಾತಾ, ಖರೇನಾ? ಗೇಮಿನಾಗ ನನ್ನ ಫುಟ್‌ಬಾಲ್ ಟೀಮ್ ಅರ್ಧಕ್ಕ ನಿಂತೈತಿ.”
“ಇವತ್ತು ತಾರೀಖು ಎಷ್ಟಲೇ?”
ತೆಲುಗಿನಲ್ಲಿ ಬೈದ. ತೆಲುಗಿಗೆ ಹೋದ ಅಂದರೆ ಜೀವ ಬಂತು ಅಂತ ಅರ್ಥ.
ಗ್ರೂಪಿನಲ್ಲಿ ಒಪ್ಪಿಕೊಂಡೆ. ಉಜ್ಜಿನಪ್ಪ ಅಂತ ಹೆಸರಿಟ್ಟುಕೊಂಡ ನಾನು ಉಜ್ಜದೆ ಬಿಡುತ್ತೇನೆಯೇ.

ಏಪ್ರಿಲ್ 4, ಶುಕ್ರವಾರ
‘ಉಗಿಯೋ ಶುಕ್ರವಾರ’. ವಾರದ ಕಾಮೆಂಟುಗಳಲ್ಲಿ ಅತಿ ಖಾರದ್ದನ್ನು ಸೈಟಿನಲ್ಲಿ ಗೇಮ್ ಕಲಿಸುವ ಯಶೋಧರಾ ವಿಡಿಯೋದಲ್ಲಿ ಓದಿ ನಗುತ್ತಾಳೆ. ಅದು ಸೈಟಿನ ಪದ್ಧತಿ. ಈ ವಾರವೂ ಗೆದ್ದದ್ದು ‘ಕೊಳಗಲ್ಲು ಕೊಡಲಿ’ ಅಂತ ಹೆಸರಿಟ್ಟುಕೊಂಡವನು: “ಈಕಿ ಲಾರಿ ಹೊಡಿಯೋದು ಎಮ್ಮಿ ಬಸ್ ಹತ್ತಿದಂಗ ಐತಿ.” ಓದಿದಳು. ನಕ್ಕಳು.
ಕೆಳಗೆ ಎಂದಿನಂತೆ ನಾನು ಬರೆದೆ — “ಲೇ ಕೊಡಲಿ, ನಿನ್ನ ಕಾವು ಮುರೀಲಿ. ನನಗ ಸ್ಟೇರಿಂಗ್ ಕೊಟ್ಟಾಕಿ ಆಕಿ.”
ಅದು ನಿಜ. ಮೂವತ್ತು ವರ್ಷ ಲಾರಿ ಓಡಿಸಿದೆ. ಎಡಗಣ್ಣು ಹೋಯಿತು, ಲೈಸೆನ್ಸೂ ಹೋಯಿತು. ಗೇಮಿನ ಲಾರಿಗೆ ಬ್ರೇಕ್ ಯಾವ ಗುಂಡಿ ಅಂತ ಕೇಳಿದ್ದಕ್ಕೆ, ಈ ಮುದುಕನಿಗಾಗಿಯೇ ಒಂದು ವಿಡಿಯೋ ಮಾಡಿದಳು.
ವೀರಭದ್ರಮ್ಮ ಅಡುಗೆಮನೆಯಿಂದ: “ಲೋಡ್ ಇಲ್ಲ, ಡೀಸೆಲ್ ಇಲ್ಲ. ದಿನಾ ಎಲ್ಲಿಗಿ ಹೊಂಟೀರಿ?”
“ಎಲ್ಲಿಗೂ ಹೋಗಾಕಲ್ಲ. ಹೋಗೋದಕ್ಕ.”
ಹೆಂಡತಿಗೆ ಇದು ತಿಳಿಯುವುದಿಲ್ಲ.

ಏಪ್ರಿಲ್ 9
ಸೈಟಿನ ಮಾಲೀಕ ಶಶಿಕಾಂತ್ ನೋಟಿಸ್ ಹಾಕಿದ್ದಾರೆ. ಯಶೋಧರಾ, ಭೀಮರಾಜ — ಇಬ್ಬರೂ ಈ ತಿಂಗಳ ಮೂವತ್ತಕ್ಕೆ ಬಿಡುತ್ತಾರೆ. ಆಡಿ ತೋರಿಸುವವಳು ಅವಳು, ಬರೆಯುವವನು ಅವನು. ಉಳಿಯುವುದು ಜಾಹೀರಾತು.
ರಾಜೀನಾಮೆ. ರಾಜಿ ಇಲ್ಲ, ನಾಮ ನಮಗೆ. ಬರೆದೆ. ನಗು ಬರಲಿಲ್ಲ.
ಗ್ರೂಪಿಗೆ ಮೊದಲು ತಿಳಿಸಿದವನು ನಾನು. ಯಾರೂ ನಂಬಲಿಲ್ಲ, ನೋಟಿಸೂ ಏಪ್ರಿಲ್ ಫೂಲೇ ಅಂದರು. ಚಿನ್ನಪ್ಪ: “ತಾತಾ, ಒಂದು ಸಲ ಆತು. ಸಾಕು.”

ಏಪ್ರಿಲ್ 12
ಕುರುಗೋಡಿಗೆ ಹೋಗಿದ್ದೆ. ಹಿಟ್ಟಿನ ಗಿರಣಿ ಮೇಲಿನ ರೂಮು, ಅದೇ ‘ಗುಂಡಿ ಒತ್ತು’ ಆಫೀಸು. ಕೀಬೋರ್ಡಿನ ಮೇಲೂ ಹಿಟ್ಟು. ಭೀಮರಾಜ ವೈರು ಸುತ್ತುತ್ತಿದ್ದ.
“ಯಾಕಪ್ಪಾ?”
“ಇಬ್ರೂ ಕೂಡಿ ಶುರು ಮಾಡಿದ್ವಿ. ಆಕಿ ಇಲ್ಲಂದ್ರ ನಾನೂ ಇಲ್ಲ.”
“ಆಕಿ ಯಾಕ ಬಿಟ್ಲು?”
“ಕ್ಯಾಮೆರಾ ಮುಂದ ಕುಂದ್ರಾಕ ಒಲ್ಲೆ ಅಂತಾಳ. ನೀವಾದ್ರೂ ಕೇಳ್ರಿ ತಾತಾ. ನಿಮ್ಮ ಮಾತು ಕೇಳ್ತಾಳ.”

ಏಪ್ರಿಲ್ 19, ಸಿರುಗುಪ್ಪ ಬಸ್‌ಸ್ಟ್ಯಾಂಡ್
ಬಸ್ ಇನ್ನೂ ಬಂದಿಲ್ಲ.
ಯಶೋಧರಾಳ ಮನೆಗೆ ಹೋದೆ. ಅವಳ ತಾಯಿ ಹೊನ್ನೂರಮ್ಮ ಮಂಡಕ್ಕಿ ಒಗ್ಗರಣೆ ಕೊಟ್ಟರು. ‘ಬಿಡಬೇಡ್ರಿ’ ಅಂತ ನೋಟಿಸ್ ನಂಬಿದ ಒಂದಿಬ್ಬರು ಅಭಿಮಾನಿಗಳು ಬರೆದದ್ದನ್ನು ಓದಿ ಹೇಳಿದೆ. ಕೇಳಿದಳು. ಆಮೇಲೆ —
“ಶುಕ್ರವಾರ ನಗೋದು ನನ್ನ ಕೆಲಸ, ತಾತಾ. ಕ್ಯಾಮೆರಾ ಆಫ್ ಆದಮ್ಯಾಲ ರಾತ್ರಿಪೂರ್ತಿ ಅದನ್ನ ಮತ್ತ ಮತ್ತ ಓದ್ತಿದ್ದೆ. ಉಳಿದೋರು ಒಂದಿನ ಬೈದು ಸುಮ್ನಾಗ್ತಾರ. ಆ ಕೊಡಲಿ ಒಂದೂವರೆ ವರ್ಷ, ಒಂದು ವಾರ ಬಿಟ್ಟಿಲ್ಲ. ಈಗ ಆಡಾಕ ಕುಂತ್ರ ಅವ ಏನು ಬರೀತಾನ ಅನ್ನೋದ ತಲ್ಯಾಗ.”
“ಮೊದಲ ಯಾಕ ಹೇಳಲಿಲ್ಲವ್ವಾ?”
“ಅದ ವಿಡಿಯೋ ಜನ ಜಾಸ್ತಿ ನೋಡ್ತಾರ ಅಂತ ಮಾಲೀಕ್ರು ಅಂದ್ರು. ಅವನಿಗಿ ತಿರುಗಿ ಕೊಟ್ಟೋರು ನೀವೊಬ್ರ. ಅದಕ್ಕ ನಿಮ್ಮ ಮುಂದ ಹೇಳಿದೆ.”
ಮಂಡಕ್ಕಿ ಅರ್ಧಕ್ಕೆ ಬಿಟ್ಟೆ. ನೀರು ಕುಡಿದು ಎದ್ದೆ. ಯಶೋಧರಾ ಬಾಗಿಲ ತನಕ ಬಂದು ನನ್ನ ಚಪ್ಪಲಿ ಸರಿಮಾಡಿಟ್ಟಳು. ಈ ಕಾಲಿಗೆ.

ಏಪ್ರಿಲ್ 25, ಶುಕ್ರವಾರ
ವಿಡಿಯೋ ಬರಲಿಲ್ಲ. ಗ್ರೂಪಿನವರೆಲ್ಲ ಈಗ ನಂಬಿದ್ದಾರೆ.
ಚಿನ್ನಪ್ಪನ ಫೋನು. “ತಾತಾ, ಇದೂ ಸುಳ್ಳು ಅನ್ರಿ. ಇನ್ನೊಂದು ಸಲ ಫೂಲ್ ಆಗಾಕ ತಯಾರ್ ಅದೀನಿ.”
“ನಿಜನಪ್ಪಾ” ಅಂದೆ.
“ಹೋಗ್ಲಿ. ಬೈದು ಬೈದು ಆಕಿನ್ನ ಓಡಿಸಿದೋನು ಆ ಕೊಡಲೀನ ಇರಬೇಕು, ಅವನ್ನ ಹುಡುಕೋಣು. ಕೊಳಗಲ್ಲಾಗ ಮನಿಮನಿ ಕೇಳೋಣು. ನೀವ ಮುಂದ ನಿಲ್ರಿ, ಮೊದಲಿಂದ ಅವನ ಕೂಡ ಗುದ್ದಾಡಿದೋರು ನೀವು.”
“ಆಗಲಿ” ಅಂದೆ. ಆಗಲಿ ಅಂದೆನಲ್ಲಾ...

ಏಪ್ರಿಲ್ 30, ಸಂಜೆ 5
ಸೈಟ್ ತೆರೆದರೆ ಹಳೆಯ ಪುಟ, ಅಷ್ಟೇ. ಭೀಮರಾಜ ಆಫೀಸಿನ ಕೀಲಿ ಕೊಟ್ಟು ಹೋದನಂತೆ. ನಾಳೆ ಚಿನ್ನಪ್ಪ ಕೊಳಗಲ್ಲಿಗೆ ಹೊರಟಿದ್ದಾನೆ. ಅಲ್ಲಿ ಯಾರೂ ಸಿಗುವುದಿಲ್ಲ. ಯಾರೋ ನಿರಪರಾಧಿಯ ಕೊರಳಪಟ್ಟಿ ಹಿಡಿಯುತ್ತಾನೆ.
ಲಾರಿ ಗೇಮ್ ತೆರೆದೆ. ಎಂಜಿನ್ ಹಚ್ಚಿದೆ. ಗೇರ್ ಹಾಕಲು ಮನಸ್ಸು ಬರಲಿಲ್ಲ.
ಯಶೋಧರಾಗೆ ಫೋನ್ ಮಾಡಬೇಕು. ಮೂರು ಸಲ ನಂಬರ್ ಒತ್ತಿ ಕಟ್ ಮಾಡಿದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ.
ಯಶೋಧರವ್ವಾ. ಆ ಕೊಡಲಿ ನಾನ. ಬೈದೋನೂ ನಾನ, ಆ ಜಗಳ ಬಿಡಿಸಾಕ ಬಂದೋನೂ ನಾನ. ಅವನ ಹೆಸರಿಲೆ ಬರೆದ ಎರಡನೇ ಫೋನ್ ಬನಿಯನ್ ಜೇಬಿನಾಗ ಐತಿ. ನೀನು ಓದಿ ನಗ್ತಿದ್ದಿ, ನಾನು ಅದನ್ನ ಖರೇ ನಗು ಅಂತ