ನೀಲಿ ಉರಿ ಆರುವ ತನಕ

ಅತ್ತೆ,

ಕರೆಂಟು ಇವತ್ತೂ ಬರುವ ಹಾಗಿಲ್ಲ. ಒಲೆಗೆ ಸೌದೆ ಒಟ್ಟಿದ್ದೇನೆ. ಬೋರ್ಷ್ ಸಾರು ಬಿಸಿ ಮಾಡಿಕೊಂಡು ಉಣ್ಣಿ, ಮಗು ಸೋಲ್ಯಾಳನ್ನು ಬೆಚ್ಚಗಿನ ಒಲೆಕಟ್ಟೆಯ ಮೇಲೆ ನಿಮ್ಮ ಪಕ್ಕದಲ್ಲೇ ಮಲಗಿಸಿಕೊಳ್ಳಿ.

ನಿನ್ನೆ ಕೆಂಡದ ಮೇಲೆ ನೀಲಿ ಉರಿ ಆಡುತ್ತಿರುವಾಗಲೇ "ಕಾವೆಲ್ಲ ಆಕಾಶಕ್ಕೆ ಹೋಗ್ತಿದೆ ಕಣೇ" ಅಂತ ಹೊಗೆಕೊಳವೆಯ ತಗಡು ಮುಚ್ಚಿಬಿಟ್ಟಿರಿ. ಮಗು ತಲೆನೋವು ಅಂತ ಅತ್ತು ವಾಂತಿ ಮಾಡಿತು. ನೀವು ಉಪ್ಪಿನಕಾಯಿಯನ್ನು ಬೈದಿರಿ. ಬೆಕ್ಕು ಬಾಗಿಲು ಕೆರೆಯಿತು, ಅದನ್ನೂ ಬೈದಿರಿ. ಅದನ್ನು ಹೊರಗೆ ಬಿಡಲು ನಾನು ಬಾಗಿಲು ತೆಗೆದೆ, ಕೆಂಡದ ವಿಷಗಾಳಿಯೂ ಹೊರಗೆ ಹೋಯಿತು. ಅಷ್ಟರಿಂದಲೇ ನಾವು ಮೂವರೂ ಇವತ್ತು ಎದ್ದಿದ್ದೇವೆ.

ಹೇಳಿದರೆ ನೀವು ಕೇಳುವವರಲ್ಲ. ತಗಡನ್ನೇ ಕಿತ್ತು ನನ್ನ ಚೀಲಕ್ಕೆ ಹಾಕಿಕೊಂಡಿದ್ದೇನೆ. ಚಳಿಯಾದರೆ ಇನ್ನೊಂದು ಕಂಬಳಿ ಹೊದೆಯಿರಿ. ದಯವಿಟ್ಟು ಕೊಳವೆಗೆ ಚಿಂದಿ ತುರುಕಬೇಡಿ.

ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದು ಬಾಗಿಲು ಬಡಿಯುತ್ತೇನೆ. ಬೈದುಕೊಂಡಾದರೂ ಸರಿ, ನೀವೇ ಎದ್ದು ಬಂದು ತೆಗೆಯಿರಿ.

ಯಾರಿನಾ